ಒಂದು ದಿನಕ್ಕೆ ಒಂದೇ ಊರು

"ಮೂರು ದಿನ ಒಟ್ಟಿಗೆ ರಜೆ ಸಿಕ್ಕಿದೆ ಕಣಮ್ಮ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲಾ ಬರ್ತಿದಾರೆ. ಒಂದು ದಿನ ಎಲ್ಲಿಗಾದ್ರೂ ಹೋಗಿ ಬರೋಣ ಅಂತ. ಇದನ್ನ ಸ್ವಲ್ಪ ನೋಡಿ ಹೇಳು" ಎಂದು ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಒಂದು ಚೀಟಿ ಚಾಚಿದರು. ಮಗ ಬರೆದು ಕಳಿಸಿದ ಪಟ್ಟಿ. ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಡುವುದು, ದಾರಿಯಲ್ಲಿ ತಿಂಡಿ, ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಅಲ್ಲಿಂದ ಮೈಸೂರು ಅರಮನೆ, ಮೃಗಾಲಯ, ಊಟ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ, ರಾತ್ರಿ ಹನ್ನೊಂದರ ಹೊತ್ತಿಗೆ ಮನೆ.

"ಅಕ್ಕಾ, ಇದರಲ್ಲಿ ಯಾವುದಾದರೂ ಒಂದನ್ನು ಉಳಿಸಿಕೊಳ್ಳಿ. ಮಿಕ್ಕಿದ್ದನ್ನೆಲ್ಲ ಹೊಡೆದುಹಾಕಿ" ಅಂದೆ.

"ಅಯ್ಯೋ, ಅಷ್ಟು ದೂರ ಹೋಗಿ ಒಂದೇ ನೋಡ್ಕೊಂಡು ಬರೋದೇ? ಡೀಸೆಲ್ ದುಡ್ಡು ದಂಡ ಅಲ್ವಾ?"

ಈ ಪ್ರಶ್ನೆಯನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ದುಡ್ಡು ಖರ್ಚು ಮಾಡಿದ ಮೇಲೆ ಆದಷ್ಟೂ ನೋಡಿಕೊಂಡು ಬರಬೇಕು ಅನ್ನುವುದು ಸಹಜವಾದ ಆಸೆ. ಆದರೆ ಆ ಚೀಟಿಯನ್ನು ಗಡಿಯಾರದ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ ನೋಡಿ. ಒಂದೊಂದು ಜಾಗಕ್ಕೂ ಮುಕ್ಕಾಲು ಗಂಟೆಯೂ ಸಿಗುವುದಿಲ್ಲ. ಅದರಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕಬೇಕು, ಟಿಕೆಟ್ಟಿಗೆ ನಿಲ್ಲಬೇಕು, ಚಪ್ಪಲಿ ಬಿಡಬೇಕು, ಚಿಕ್ಕದನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಬೇಕು, ಬಾಗಿಲಲ್ಲಿ ನಿಂತು ಎಲ್ಲರ ಫೋಟೋ ತೆಗೆಯಬೇಕು. ನೋಡುವುದಕ್ಕೆ ಉಳಿಯುವುದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲೂ "ಬೇಗ ಬೇಗ, ಹೊತ್ತಾಯ್ತು" ಎನ್ನುವ ಕೂಗು. ರಾತ್ರಿ ಮನೆಗೆ ಬಂದು ಮಲಗಿದ ಮಗುವನ್ನು ಮರುದಿನ ಏನು ನೋಡಿದೆ ಪುಟ್ಟಾ ಅಂತ ಕೇಳಿದರೆ ದಾರಿಯಲ್ಲಿ ತಿಂದ ಐಸ್‌ಕ್ರೀಮಿನ ಹೆಸರು ಹೇಳುತ್ತದೆ. ಅದು ಮಗುವಿನ ತಪ್ಪಲ್ಲ.

ಅದಕ್ಕೇ ನನ್ನದು ಒಂದೇ ಮಾತು. ಒಂದು ದಿನಕ್ಕೆ ಒಂದೇ ಊರು, ಆ ಊರಿನಲ್ಲೂ ಒಂದೋ ಎರಡೋ ಜಾಗ. ಅಲ್ಲಿ ಕೂತು ನೋಡಬೇಕು, ಸುತ್ತಿ ಬಂದು ಮತ್ತೆ ನೋಡಬೇಕು.

ಅಕ್ಕನ ಚೀಟಿಯಲ್ಲಿದ್ದ ದರಿಯಾ ದೌಲತ್ ಒಂದನ್ನೇ ತೆಗೆದುಕೊಳ್ಳೋಣ. ಟಿಪ್ಪು ಸುಲ್ತಾನ್ 1784ರಲ್ಲಿ ಕಾವೇರಿಯ ದಂಡೆಯ ತೋಟದಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಹೆಚ್ಚಿನದೆಲ್ಲ ತೇಗದ ಮರದ ಕೆಲಸ. ಹೊರಗಿನಿಂದ ನೋಡಿದರೆ ಸುತ್ತಲೂ ಹಸಿರು ಪರದೆಗಳು ಇಳಿಬಿದ್ದಿರುತ್ತವೆ, ಅರಮನೆ ಎಲ್ಲಿದೆ ಅಂತ ಹುಡುಕಬೇಕು. ಬಿಸಿಲಿಗೂ ಮಳೆಗೂ ಗೋಡೆಯ ಬಣ್ಣ ಹಾಳಾಗಬಾರದು ಅಂತ ಆ ಪರದೆ. ಜನ ಪರದೆಯ ಒಳಗೆ ನುಗ್ಗಿ, ಒಳಕೋಣೆಗಳಲ್ಲಿ ಕತ್ತಿ, ನಾಣ್ಯ, ಹಳೆಯ ಚಿತ್ರಗಳನ್ನು ನೋಡಿಕೊಂಡು, ಆ ಬಾಗಿಲಿನಿಂದ ಹೊರಗೆ ಬಂದುಬಿಡುತ್ತಾರೆ. ನೋಡಬೇಕಾದದ್ದು ಇರುವುದು ಪರದೆಗೂ ಕೋಣೆಗೂ ನಡುವಿನ ಗೋಡೆಗಳ ಮೇಲೆ.

ಪಶ್ಚಿಮದ ಗೋಡೆಯ ಮುಂದೆ ನಿಂತುಕೊಳ್ಳಿ. ಅಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ. ಕಾಂಚೀಪುರದ ಹತ್ತಿರ ಹೈದರಾಲಿ ಮತ್ತು ಟಿಪ್ಪುವಿನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಮುರಿದ ಯುದ್ಧ. ಕೆಂಪು ಕೋಟಿನ ಸೈನಿಕರು ಚೌಕಾಕಾರವಾಗಿ ಸಾಲುಗಟ್ಟಿ ನಿಂತಿದ್ದಾರೆ. ಅವರ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ. ಪಕ್ಕದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ಸುತ್ತ ನಾಲ್ಕೂ ಕಡೆಯಿಂದ ಕುದುರೆಗಳು ಮುತ್ತುತ್ತಿವೆ. ಮೊದಲು ಇಷ್ಟು ಕಾಣುತ್ತದೆ. ಐದು ನಿಮಿಷ ನಿಂತರೆ ಕತ್ತು ಕತ್ತರಿಸಿ ಬಿದ್ದವರು, ಕುದುರೆಯ ಮೇಲೆ ಹಿಂದಕ್ಕೆ ತಿರುಗಿದವನು, ಒಂದೇ ಥರದ ಮುಖದ ಕೆಂಪು ಕೋಟುಗಳ ಸಾಲು ಕಣ್ಣಿಗೆ ಬೀಳುತ್ತವೆ. ಇನ್ನೂ ಸ್ವಲ್ಪ ಹೊತ್ತು ನಿಂತರೆ ಇಂಥ ಗದ್ದಲದ ನಡುವೆ ಟಿಪ್ಪು ಒಂದು ಗುಲಾಬಿಯನ್ನು ಮೂಸುತ್ತಿರುವುದು ಕಾಣುತ್ತದೆ. ಚಿತ್ರಗಾರನಿಗೆ ತನ್ನ ದೊರೆಯ ಧೈರ್ಯವನ್ನು ಹೇಳಬೇಕಿತ್ತು, ಹೂವಿನಲ್ಲಿ ಹೇಳಿದ್ದಾನೆ. ಇದನ್ನು ನಾನು ಮೊದಲು ಗುರುತಿಸಿದ ದಿನ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಆ ಗೋಡೆಗೂ ಒಂದು ಬದುಕಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೇ ಅರಮನೆಯಲ್ಲಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದವನು ಇವನೇ. ತಮ್ಮ ಕಡೆಯವರ ಸೋಲಿನ ಚಿತ್ರದ ಮಗ್ಗುಲಲ್ಲಿ ಆತ ಮಲಗಿ ಏಳುತ್ತಿದ್ದ. ಬಣ್ಣ ಮಾಸಿದ ಮೇಲೆ 19ನೇ ಶತಮಾನದ ನಡುವಿನಲ್ಲಿ ಅದನ್ನು ಮತ್ತೆ ಬರೆಸಲು ಅಪ್ಪಣೆ ಮಾಡಿದವನು ಗವರ್ನರ್ ಜನರಲ್ ಡಾಲ್‌ಹೌಸಿ. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಕಾಪಾಡಿಸಿದರು. ಇಷ್ಟು ಕತೆ ಗೊತ್ತಿದ್ದು ಆ ಗೋಡೆಯ ಮುಂದೆ ಮೊಮ್ಮಗನನ್ನು ನಿಲ್ಲಿಸಿದರೆ ಅವನು ಕೇಳುವ ಪ್ರಶ್ನೆಗಳಿಗೇ ಒಂದು ಬೆಳಗು ಬೇಕು.

ಇದೇ ಕತೆಯ ಇನ್ನೊಂದು ತುಂಡು ಲಂಡನ್ನಿನಲ್ಲಿದೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಮರದ ಹುಲಿ ಇದೆ. ಒಬ್ಬ ಬಿಳಿಯನ ಮೇಲೆ ಎರಗಿದ ಹುಲಿ. ಪಕ್ಕದ ಹಿಡಿ ತಿರುಗಿಸಿದರೆ ಆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತಿತ್ತು, ಹೊಟ್ಟೆಯೊಳಗಿನ ವಾದ್ಯದಿಂದ ನರಳಿಕೆಯೂ ಘರ್ಜನೆಯೂ ಬರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯಿಂದ ಹೋದದ್ದು. ನಮ್ಮ ಬೀದಿಯ ಎಷ್ಟೋ ಮನೆಗಳ ಮಕ್ಕಳು ಆ ಕಡೆ ಕೆಲಸದಲ್ಲಿದ್ದಾರೆ. ಅವರನ್ನು ನೋಡಲು ಹೋದ ತಂದೆತಾಯಿಯರು ಅಲ್ಲಿಂದ ಆ ಹುಲಿಯ ಫೋಟೋ ಕಳಿಸುತ್ತಾರೆ. ಅದೇ ಜನ ದರಿಯಾ ದೌಲತ್ತಿನ ಗೋಡೆಯನ್ನು ಸರಿಯಾಗಿ ನೋಡಿರುವುದಿಲ್ಲ. ಹುಲಿ ನೋಡಿ ಬಂದವರು ಈ ಗೋಡೆಯನ್ನೂ ನೋಡಲಿ. ಎರಡೂ ಒಂದೇ ಮನಸ್ಸಿನಿಂದ ಹುಟ್ಟಿದವು.

"ಸರಿ, ಅರಮನೆ ಬಿಡೋಕಾಗತ್ತಾ? ಮಕ್ಕಳು ಮೈಸೂರು ಅರಮನೆ ಕೇಳ್ತವೆ" ಅಂದರು ಅಕ್ಕ.

ಹಾಗಾದರೆ ಆ ದಿನ ಮೈಸೂರೇ ಆಗಲಿ, ಶ್ರೀರಂಗಪಟ್ಟಣ ಬೇರೆ ದಿನ. ಅರಮನೆಯಲ್ಲಿ ಹಗ್ಗದ ಸಾಲಿನಲ್ಲಿ ಜನ ತಳ್ಳಿಕೊಂಡು ಹೋಗುತ್ತಾರೆ, ನಿಜ. ಆದರೂ ಕಲ್ಯಾಣ ಮಂಟಪದಲ್ಲಿ ಗೋಡೆಯ ಕಡೆ ಸರಿದು ನಿಂತುಕೊಳ್ಳಬಹುದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಹೋಯಿತು. ಆಗ ರಾಜ್ಯದ ಆಡಳಿತ ನೋಡಿಕೊಳ್ಳುತ್ತಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು, ಮಗ ಇನ್ನೂ ಚಿಕ್ಕವರು. ಹೊಸದನ್ನು ಕಟ್ಟಲು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿದರು. 1912ರ ಹೊತ್ತಿಗೆ ಈಗಿನ ಅರಮನೆ ಎದ್ದು ನಿಂತಿತು. ಕಲ್ಯಾಣ ಮಂಟಪದ ಬಣ್ಣದ ಗಾಜಿಗೂ ಎರಕದ ಕಂಬಗಳಿಗೂ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ನಂಟು. ಆದರೆ ಸುತ್ತ ಗೋಡೆಯ ಮೇಲಿರುವ ದಸರಾ ಮೆರವಣಿಗೆಯ ಚಿತ್ರಗಳು ನಮ್ಮ ನಾಡಿನ ಕಲಾವಿದರ ಕೈಯವು. ಆ ಮೆರವಣಿಗೆಯಲ್ಲಿ ನಡೆಯುವವರ ಮುಖಗಳನ್ನು ನೋಡಿ. ಸುಮ್ಮನೆ ಬರೆದ ಗುಂಪಲ್ಲ, ಆಗ ನಿಜವಾಗಿ ಇದ್ದ ಅಧಿಕಾರಿಗಳ, ಸಿಬ್ಬಂದಿಯ ಮುಖಗಳು. ಒಬ್ಬನಂತೆ ಇನ್ನೊಬ್ಬನಿಲ್ಲ. ಪೇಟದ ಕಟ್ಟು ಬೇರೆ, ಮೀಸೆ ಬೇರೆ, ನೋಟ ಬೇರೆ. ಮಕ್ಕಳಿಗೆ "ಇದರಲ್ಲಿ ನಮ್ಮ ತಾತನ ಥರ ಯಾರಿದ್ದಾರೆ ಹುಡುಕು" ಅಂತ ಹೇಳಿ ಬಿಡಿ. ಅರ್ಧ ಗಂಟೆ ನಿಮ್ಮ ಕೈಗೆ ಸಿಗುವುದಿಲ್ಲ.

ಅರಮನೆ ಆದ ಮೇಲೆ ಮೃಗಾಲಯಕ್ಕೆ ಓಡುವುದು ಬೇಡ. ಹತ್ತಿರದಲ್ಲೇ ಜಗನ್ಮೋಹನ ಅರಮನೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು, ಆಮೇಲೆ ಚಿತ್ರಶಾಲೆಯಾಯಿತು. ರವಿವರ್ಮನ ಚಿತ್ರಗಳ ಜೊತೆಗೆ ಅಲ್ಲಿ ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆ. ದೀಪದ ಬೆಳಕು ಬೆರಳುಗಳ ಸಂದಿಯಿಂದ ತೂರಿ ಮುಖಕ್ಕೆ ಹತ್ತಿದೆ. ಕ್ಯಾಲೆಂಡರಿನಲ್ಲಿ ಎಲ್ಲರೂ ನೋಡಿದ್ದೇ, ಅದಕ್ಕೇ ಎಲ್ಲರೂ ಒಂದು ಕ್ಷಣ ನಿಂತು ಮುಂದೆ ಹೋಗುತ್ತಾರೆ. ಬಹಳ ಜನ ಇದೂ ರವಿವರ್ಮನದೇ ಎಂದುಕೊಂಡಿದ್ದಾರೆ. ಅಲ್ಲ. ಬರೆದವರು ಮಹಾರಾಷ್ಟ್ರದ ಎಸ್. ಎಲ್. ಹಲ್ದನ್‌ಕರ್, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಇನ್ನೊಂದು ಸಂಗತಿ ನೋಡಿ: ಅದು ಎಣ್ಣೆ ಬಣ್ಣದ್ದಲ್ಲ, ಜಲವರ್ಣ. ನೀರಿನಲ್ಲಿ ಕಲಸಿದ ಬಣ್ಣಕ್ಕೆ ತಪ್ಪಾದರೆ ಮೇಲೆ ಮತ್ತೆ ಬಳಿದು ಮುಚ್ಚುವ ಅವಕಾಶ ಬಹಳ ಕಡಿಮೆ. ಕಾಗದದ ಬಿಳುಪನ್ನೇ ಬೆಳಕಾಗಿ ಉಳಿಸಿಕೊಂಡು ಹೋಗಬೇಕು. ಶಾಲೆಯಲ್ಲಿ ವಾಟರ್ ಕಲರ್ ಡಬ್ಬಿ ಹಿಡಿದ ಯಾವ ಮಗುವಿಗಾದರೂ ಇದನ್ನು ಹೇಳಿ, ಅದು ಆ ಚಿತ್ರಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಹೋಗುತ್ತದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರಮನೆ ಸರಿ, ಚಿತ್ರ ಸರಿ. ಮ್ಯೂಸಿಯಂ ಮಾತ್ರ ನಮ್ಮ ಹುಡುಗರಿಗೆ ಆಗಲ್ಲ. ಮೂಗು ಮುರಿದ ವಿಗ್ರಹ, ಓದೋಕಾಗದ ಕಲ್ಲು. ಹೋದ ಹತ್ತು ನಿಮಿಷಕ್ಕೇ ಹೊರಗೆ ಬರ್ತವೆ" ಅಂದರು.

ಇಲ್ಲಿ ನಾನು ಅವರಿಗೆ ಕಾಳಿಯ ಕತೆ ಹೇಳಿದೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ ಇದೆಯಲ್ಲ, 1865ರಲ್ಲಿ ಶುರುವಾದದ್ದು, ಅದರ ಸಂಗ್ರಹದಲ್ಲಿ ಆತಕೂರಿನ ಶಾಸನ ಎಂಬ ಕಲ್ಲಿದೆ. ಆತಕೂರು ಈಗಿನ ಮಂಡ್ಯ ಜಿಲ್ಲೆಯ ಮದ್ದೂರಿನ ಕಡೆಯ ಊರು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದರು. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ದೊರೆ ಮೆಚ್ಚಿ ಏನು ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ದೊರೆ ಕೊಟ್ಟ. ಆಮೇಲೆ ಬೆಳತೂರಿನ ಬೆಟ್ಟದ ಕಡೆ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ತನ್ನ ನಾಯಿಗಾಗಿ ಕಲ್ಲು ನೆಡಿಸಿದ, ಅದರ ಪೂಜೆಗೆ ಗದ್ದೆ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗುಡಿಯ ಗೊರವನಿಗೆ ಪಾಪ ತಟ್ಟುತ್ತದೆ ಎಂದೂ ಕಲ್ಲಿನಲ್ಲೇ ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಒಂದಕ್ಕೊಂದು ಎದುರಾಗಿ ಕಾದುತ್ತಿರುವ ಕೆತ್ತನೆ ಇದೆ.

ಅಕ್ಕನ ಮನೆಯಲ್ಲೂ ನಾಯಿ ಇದೆ. ಅದು ಗೇಟಿನ ಹತ್ತಿರ ಮಲಗಿತ್ತು. ಅಕ್ಕ ಒಮ್ಮೆ ಅದರ ಕಡೆ ನೋಡಿ, "ನಾಯಿಗೆ ಪೂಜೆ ಬಿಟ್ಟಿದ್ನಾ?" ಎಂದು ಕೇಳಿದರು. ಆ ಪ್ರಶ್ನೆ ಮಕ್ಕಳೂ ಕೇಳುತ್ತಾರೆ. ದೊಡ್ಡ ದೊಡ್ಡ ದೊರೆಗಳ ಯುದ್ಧದ ಸುದ್ದಿಯೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನಲ್ಲಿವೆ. ಇತಿಹಾಸ ಬರೆಯುವವರಿಗೆ ಈ ಕಲ್ಲು ಬೇಕಾದದ್ದು ತಕ್ಕೋಲದ ಯುದ್ಧಕ್ಕಾಗಿ. ಮಣಲೇರ ಅದನ್ನು ನೆಡಿಸಿದ್ದು ಕಾಳಿಗಾಗಿ. ಸಾವಿರ ವರ್ಷ ಆಯಿತು, ಕಾಳಿಯ ಹೆಸರು ಉಳಿದಿದೆ. ಕನ್ನಡ ಓದಲು ಬರುವ ಮಗುವಿಗೆ ಇಂಥದ್ದನ್ನು ತೋರಿಸದೆ ಮ್ಯೂಸಿಯಂ ಬೇಜಾರು ಎಂದು ನಾವೇ ತೀರ್ಮಾನ ಮಾಡಿಬಿಡುವುದು ನ್ಯಾಯವಲ್ಲ. ಬೇಜಾರು ಬರುವುದು ನೂರು ಕಲ್ಲುಗಳನ್ನು ಒಟ್ಟಿಗೆ ತೋರಿಸಿದಾಗ. ಒಂದು ಕಲ್ಲನ್ನು ಕತೆಯೊಂದಿಗೆ ತೋರಿಸಿ ನೋಡಿ.

ಇದಕ್ಕೆ ದೊಡ್ಡವರು ಮನೆಯಲ್ಲೇ ಸ್ವಲ್ಪ ತಯಾರಾಗಬೇಕು. ಹಿಂದಿನ ರಾತ್ರಿ ಒಂದು ಕತೆ, ಒಂದು ಹೆಸರು, ಒಂದು ಇಸವಿ ಸಾಕು. ಅಲ್ಲಿಗೆ ಹೋದ ಮೇಲೆ ಕಾವಲಿಗೆ ಕೂತವರನ್ನು ಮಾತಾಡಿಸಿ. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಕೂತವರಿಗೆ ಯಾವ ಹೊತ್ತಿನಲ್ಲಿ ಯಾವ ಕಿಟಕಿಯ ಬೆಳಕು ಯಾವ ವಿಗ್ರಹದ ಮೇಲೆ ಬೀಳುತ್ತದೆ ಅನ್ನುವುದು ಗೊತ್ತಿರುತ್ತದೆ. "ಅಣ್ಣಾ, ಇದರಲ್ಲಿ ನಿಮಗೆ ಇಷ್ಟವಾದದ್ದು ಯಾವುದು?" ಎಂದು ಕೇಳಿದರೆ ಎದ್ದು ಬಂದು ತೋರಿಸುತ್ತಾರೆ. ಅವರನ್ನು ಯಾರೂ ಹಾಗೆ ಕೇಳಿರುವುದಿಲ್ಲ.

ಊರೂರಿನ ಸ್ಮಾರಕಗಳ ಪಕ್ಕದಲ್ಲಿರುವ ಚಿಕ್ಕ ಮ್ಯೂಸಿಯಂಗಳನ್ನು ಜನ ದಾಟಿಕೊಂಡು ಹೋಗುವುದು ನನಗೆ ಬಹಳ ಬೇಸರದ ಸಂಗತಿ. ಹಂಪಿಗೆ ಹೋದವರು ನೇರ ವಿರೂಪಾಕ್ಷನ ಗುಡಿಗೆ ಹೋಗುತ್ತಾರೆ. ಮೊದಲು ಕಮಲಾಪುರದ ಮ್ಯೂಸಿಯಮ್ಮಿಗೆ ಹೋಗಿ. ಒಳಗಿನ ಅಂಗಳದಲ್ಲಿ ಇಡೀ ಹಂಪಿಯ ಮಾದರಿಯನ್ನು ಮಾಡಿಟ್ಟಿದ್ದಾರೆ: ತುಂಗಭದ್ರೆ ಎಲ್ಲಿ ತಿರುಗುತ್ತದೆ, ಬೆಟ್ಟಗಳು ಹೇಗೆ ಕೋಟೆಗೋಡೆಯ ಕೆಲಸ ಮಾಡಿದವು, ಗುಡಿಗಳು ಯಾವ ಕಡೆ, ಅರಮನೆಯ ಭಾಗ ಯಾವ ಕಡೆ. ಅದನ್ನೊಮ್ಮೆ ಸುತ್ತಿ ಬಂದರೆ ಆಮೇಲೆ ಬಿಸಿಲಿನಲ್ಲಿ ಅಲೆದಾಡುವಾಗ ನಾವು ಎಲ್ಲಿದ್ದೇವೆ ಅನ್ನುವುದು ತಿಳಿಯುತ್ತದೆ. ಐಹೊಳೆಯಲ್ಲೂ ಇಂಥ ಮಾದರಿ ಇದೆ. ಬಾದಾಮಿಯಲ್ಲಿ ಗುಹೆಗಳನ್ನು ಹತ್ತಿಳಿದು ದಣಿದವರು ಅಗಸ್ತ್ಯತೀರ್ಥದ ದಂಡೆಯ ಮ್ಯೂಸಿಯಂ ಬಿಟ್ಟು ಬಸ್ಸು ಹತ್ತುತ್ತಾರೆ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪ ಅಲ್ಲಿದೆ. ತಲೆಯ ಜಾಗದಲ್ಲಿ ತಾವರೆ, ಹಡೆಯುವ ತಾಯಿಯ ಭಂಗಿ, ಆ ಕಲ್ಲಿನ ಮೈಯ ನಯ. ಬಾದಾಮಿಯಿಂದ ಅದನ್ನು ನೋಡದೆ ಬರಬೇಡಿ. ವಿಜಯಪುರದ ಗೋಲ ಗುಮ್ಮಟದ ಮುಂದಿರುವ ನಗಾರಖಾನೆಯೇ ಮ್ಯೂಸಿಯಂ. ಗುಮ್ಮಟದ ಮೇಲೆ ಹತ್ತಿ ಕೂಗಿ ಬರುವ ಆತುರದಲ್ಲಿ ಅದರ ಬಾಗಿಲು ಯಾರಿಗೂ ಕಾಣುವುದಿಲ್ಲ.

ಸೋಮನಾಥಪುರದ ಮಾತೂ ಒಂದಿಷ್ಟು ಇದೆ. ಮೈಸೂರಿನಿಂದ ಸುಮಾರು 35 ಕಿಲೋಮೀಟರ್. ಬೇಲೂರು, ಹಳೇಬೀಡಿನ ಜೊತೆಗೆ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿ ಗುಡಿಯೊಳಗೆ ಹೋಗಿ ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾಯಬೇಕು. ಆಮೇಲೆ ತಲೆ ಎತ್ತಿ ಛಾವಣಿಯ ಭುವನೇಶ್ವರಿಗಳನ್ನು ನೋಡಬೇಕು. ಒಂದೊಂದು ಅಂಕಣದ ಛಾವಣಿಗೂ ಒಂದೊಂದು ಬಗೆ, ಬಾಳೆಹೂವಿನ ಮೊಗ್ಗು ತೂಗಿದ ಹಾಗೆ ಒಂದು, ಪದರ ಪದರವಾಗಿ ತೆರೆದದ್ದು ಇನ್ನೊಂದು. ಹೊರಗೆ ಜಗತಿಯ ಮೇಲೆ ಸುತ್ತುವಾಗ ವಿಗ್ರಹಗಳ ಪೀಠದ ಮೇಲೆ ಮಲ್ಲಿತಮ್ಮ ಎಂಬ ಹೆಸರನ್ನು ಹುಡುಕಿ. ಕೆತ್ತಿದವನ ರುಜು ಅದು. ನುಗ್ಗೇಹಳ್ಳಿಯ ಗುಡಿಯಲ್ಲೂ ಇದೇ ಹೆಸರಿದೆ. ನನಗೆ ಆ ರುಜು ಕಂಡಾಗಲೆಲ್ಲ ಬಳಪದ ಕಲ್ಲಿನ ಪುಡಿಯಲ್ಲಿ ಕೂತ ಆ ಮನುಷ್ಯನ ಬಗ್ಗೆ ಪ್ರೀತಿ ಉಕ್ಕುತ್ತದೆ.

ರುಜು ಅಂದ ಕೂಡಲೇ ಇನ್ನೊಂದು ನೆನಪಾಗಿ ಹೊಟ್ಟೆ ಉರಿಯುತ್ತದೆ. ಕಟ್ಟಿದವರ ಹೆಸರಿಗಿಂತ ನೋಡಲು ಬಂದವರ ಹೆಸರೇ ನಮ್ಮ ಕೋಟೆ ಕೊತ್ತಲಗಳ ಮೇಲೆ ದೊಡ್ಡದಾಗಿ ಕಾಣುತ್ತದೆ. ಮೊಳೆಯಿಂದ, ಕೀಲಿಯಿಂದ ಗೀಚಿದ ಹೆಸರು, ಹೃದಯದ ಗುರುತು, ಇಸವಿ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ, ಈಗಿನ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕವನ್ನು ಹಾಳುಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯಿದೆಗಿಂತ ಮೊದಲು ಜೊತೆಗಿದ್ದ ದೊಡ್ಡವರು ಕೈ ಹಿಡಿಯಬೇಕು. ಮಗು ಗೋಡೆಗೆ ಕಲ್ಲು ತಾಗಿಸಿದ ಮೊದಲ ಸಲವೇ ಹೇಳಿದರೆ ಅದು ಜನ್ಮಕ್ಕೂ ಮರೆಯುವುದಿಲ್ಲ.

"ಅತ್ತೆಯವರನ್ನ ಬಿಟ್ಟು ಹೋಗೋದು ಹೇಗೆ? ಅವರಿಗೆ ನಡೆಯೋಕಾಗಲ್ಲ" ಎನ್ನುವುದು ಅಕ್ಕನ ಮುಂದಿನ ಯೋಚನೆ. ಅತ್ತೆಯವರಿಗೆ ಎಂಬತ್ತು ದಾಟಿದೆ.

ಅವರನ್ನು ರಾಮನಗರದ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಿ ಅಂದೆ. ಎಚ್. ಎಲ್. ನಾಗೇಗೌಡರು ಕಟ್ಟಿದ್ದು, 1994ರಲ್ಲಿ ತೆರೆಯಿತು. ದೊಡ್ಡ ಹುದ್ದೆಯಲ್ಲಿದ್ದ ಅಧಿಕಾರಿ, ನಿವೃತ್ತಿಯ ನಂತರದ ಬದುಕನ್ನು ಹಳ್ಳಿಯ ಹಾಡು, ಪಾತ್ರೆ, ನೇಗಿಲು, ಗೊಂಬೆಗಳನ್ನು ಕೂಡಿಹಾಕುವುದಕ್ಕೆ ಕೊಟ್ಟರು. ಹೊಸ ಹೆದ್ದಾರಿ ರಾಮನಗರವನ್ನು ಬಳಸಿಕೊಂಡು ಹೋಗುವುದರಿಂದ ಈಗ ಹಳೆಯ ರಸ್ತೆ ಹಿಡಿಯಬೇಕು, ಮರೆಯಬಾರದು. ಅರಮನೆಯಲ್ಲಿ ಅಜ್ಜಿಗೆ ಮೊಮ್ಮಗ ಹೇಳಿಕೊಡಬೇಕು. ಇಲ್ಲಿ ಅಜ್ಜಿಯೇ ಮೇಷ್ಟರು. ನಮ್ಮತ್ತೆ ಬದುಕಿದ್ದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಮನೆಯಲ್ಲಿ ಹೆಚ್ಚು ಮಾತಾಡುವವರಲ್ಲ. ಅಲ್ಲಿ ಕಾಳು ತುಂಬುವ ವಾಡೆಯನ್ನು ಕಂಡದ್ದೇ, ಅದರ ಬಾಯಿ ಯಾಕೆ ಸಣ್ಣದು, ಮೇಲೆ ಬೂದಿ ಯಾಕೆ ಹಾಕುತ್ತಿದ್ದರು, ತಳದ ತೂತಿನಿಂದ ರಾಗಿ ಹೇಗೆ ತೆಗೆಯುತ್ತಿದ್ದರು ಅಂತ ಶುರು ಮಾಡಿದರು. ಸೇರು, ಪಾವು, ಚಟಾಕು, ಕೊಳಗ. ಬೆಕ್ಕಿಗೆ ಎಟುಕದ ಹಾಗೆ ಮೊಸರಿನ ಗಡಿಗೆ ತೂಗುಹಾಕುವ ನೆಲುವು. ಬಿತ್ತುವ ಕೂರಿಗೆ. ಗೊತ್ತಿಲ್ಲದ ಮನೆಯ ಮಕ್ಕಳೂ ಬಂದು ಅವರ ಸುತ್ತ ನಿಂತು ಕೇಳಿಸಿಕೊಂಡರು. ಕೂತುಕೊಳ್ಳಲು ನೆರಳಿದೆ, ಹತ್ತುವ ಮೆಟ್ಟಿಲು ಹೆಚ್ಚಿಲ್ಲ. ಎಂಬತ್ತು ದಾಟಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇನ್ನು ತೋಟಗಳು. ಬೆಂಗಳೂರಿನವರಿಗೆ ಲಾಲ್‌ಬಾಗ್ ಅಂದರೆ ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನ. ಆಗ ಹೋದರೆ ಹೂವಿಗಿಂತ ಮುಂದಿನವರ ಬೆನ್ನನ್ನೇ ಹೆಚ್ಚು ನೋಡುತ್ತೇವೆ. ಸಾಮಾನ್ಯ ದಿನದ ಬೆಳಿಗ್ಗೆ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ. ಹೈದರಾಲಿ 1760ರಲ್ಲಿ ಶುರುಮಾಡಿಸಿದ ತೋಟ, ಟಿಪ್ಪು ದೇಶದೇಶದ ಗಿಡ ತರಿಸಿ ಬೆಳೆಸಿದ, ಇಂಗ್ಲಿಷರ ಕಾಲದಲ್ಲಿ ಸಸ್ಯೋದ್ಯಾನವಾಯಿತು, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡೆಯ ದಾರಿಯಾಗಿ 1908ರಲ್ಲಿ ಇಲ್ಲಿಗೆ ಬಂದ ಕ್ರುಂಬಿಗಲ್ ಇದೇ ಊರಿನಲ್ಲಿ ಉಳಿದು, ಇದೇ ಊರಿನ ಮಣ್ಣಿಗೆ ಸೇರಿದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಮರ ಅರಳಬೇಕು ಎಂದು ಲೆಕ್ಕ ಹಾಕಿ ನೆಡಿಸಿದವರು ಅವರು. ಗುಲಾಬಿ ಬಣ್ಣದ ಟಬೂಬಿಯಾ ಆದ ಮೇಲೆ ಜಕರಂಡ, ಅದಾದ ಮೇಲೆ ಗುಲ್‌ಮೊಹರ್. ನಮ್ಮ ಬೀದಿಯ ಮರವೂ ಅವರ ಯೋಚನೆಗೆ ಋಣಿ.

ಆದರೆ ಲಾಲ್‌ಬಾಗಿನಲ್ಲಿ ನಾನು ಎಲ್ಲರನ್ನೂ ಕೂರಿಸುವುದು ಬಂಡೆಯ ಮೇಲೆ. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ. ಪಟ್ಟೆ ಪಟ್ಟೆಯ ಗ್ನೈಸ್ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕ ಅಲ್ಲೇ ಇದೆ. ಟಿಪ್ಪುವಿನ ಗೋಡೆಗೆ ಇನ್ನೂರೈವತ್ತು ವರ್ಷ ತುಂಬಿಲ್ಲ, ಕಾಳಿಯ ಕಲ್ಲಿಗೆ ಸಾವಿರದ ಮೇಲೆ ಸ್ವಲ್ಪ. ಈ ಬಂಡೆ ಗಟ್ಟಿಯಾದಾಗ ಭೂಮಿಯ ಮೇಲೆ ಗಿಡವಿಲ್ಲ, ಮೀನಿಲ್ಲ, ಹುಲ್ಲಿಲ್ಲ. ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತ ಮಗುವಿಗೆ ಇದನ್ನು ಹೇಳಿ ಸುಮ್ಮನಾಗಿ. ಟಿಕೆಟ್ಟು ಕೊಂಡು ಎಷ್ಟೋ ದೂರ ಹೋಗಿ ಹಳೆಯದನ್ನು ಹುಡುಕುವ ನಾವು, ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿರುವ ಇದನ್ನು ವ್ಯಾಯಾಮಕ್ಕೆ ಮಾತ್ರ ಹತ್ತಿ ಇಳಿಯುತ್ತೇವೆ.

ಕೊನೆಗೆ ಅಕ್ಕ ಚೀಟಿಯ ಹಿಂದೆ ಇಷ್ಟು ಬರೆದುಕೊಂಡರು: ಶ್ರೀರಂಗಪಟ್ಟಣ ಮಾತ್ರ, ಅದೂ ದರಿಯಾ ದೌಲತ್ತು ಮತ್ತು ರಂಗನಾಥ. ಮಧ್ಯಾಹ್ನ ನದಿ ದಂಡೆಯಲ್ಲಿ ಪುಳಿಯೋಗರೆ, ಮೊಸರನ್ನ. ಕತ್ತಲಾಗುವ ಮೊದಲು ಮನೆ. ಮಗ ಒಪ್ಪುತ್ತಾನೋ ಇಲ್ಲವೋ ಎಂಬ ಅನುಮಾನ ಅವರಿಗೆ ಇನ್ನೂ ಇತ್ತು. ಒಪ್ಪದಿದ್ದರೆ ನನ್ನ ಹತ್ತಿರ ಕಳಿಸಿ ಅಂದೆ.

ಓದುವವರಿಗೂ ನನ್ನದು ಅದೇ ಬೇಡಿಕೆ. ಮೈಸೂರು ಬೆಂಗಳೂರೇ ಆಗಬೇಕೆಂದಿಲ್ಲ. ಶಿವಮೊಗ್ಗದವರಿಗೆ ಶಿವಪ್ಪನಾಯಕನ ಅರಮನೆಯ ಅಂಗಳದ ವೀರಗಲ್ಲುಗಳಿವೆ, ಮಡಿಕೇರಿಯವರಿಗೆ ಕೋಟೆಯೊಳಗಿನ ಮ್ಯೂಸಿಯಂ ಇದೆ, ಬೆಳಗಾವಿ ಧಾರವಾಡದವರಿಗೆ ಕಿತ್ತೂರಿದೆ, ಚಿತ್ರದುರ್ಗ, ಹಾಸನ, ಕಲಬುರಗಿಯವರಿಗೂ ಊರಿನಲ್ಲೇ ಸರ್ಕಾರಿ ಮ್ಯೂಸಿಯಂಗಳಿವೆ. ಮುಂದಿನ ರಜೆಗೆ ನಿಮಗೆ ಹತ್ತಿರದ ಒಂದಕ್ಕೆ ಮಕ್ಕಳನ್ನೂ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಒಂದು ಇಡೀ ಬೆಳಗು ಅಲ್ಲೇ ಇರಿ. ಹೊರಡುವ ಮೊದಲು ತೆರೆದಿದೆಯೇ ಎಂದು ಫೋನ್ ಮಾಡಿ ಕೇಳಿ. ಕೇಂದ್ರ ಪುರಾತತ್ವ ಇಲಾಖೆಯ ಕಮಲಾಪುರ, ಬಾದಾಮಿ, ಐಹೊಳೆ, ಹಳೇಬೀಡು, ವಿಜಯಪುರದ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ, ಮೈಸೂರು ಮೃಗಾಲಯಕ್ಕೆ ಮಂಗಳವಾರ. ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೂ ಇಲ್ಲ.